ಗಟ್ಟಿ ಸರ್ಕಾರ ಬೇಕು, ಸರಿ. ಆದರೆ ‘ಯಾಕೆ’ ಅಂತ ಕೇಳುವ ಹಕ್ಕು?

ಸಂವಿಧಾನ ಮತ್ತು ನಾಗರಿಕ ಹಕ್ಕುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಹೈಕೋರ್ಟ್ ವಕೀಲರೊಬ್ಬರ ಉತ್ತರ

ಪ್ರಶ್ನೆ: ಸರ್, ನಮ್ಮ ತಂದೆ 1975ರ ತುರ್ತು ಪರಿಸ್ಥಿತಿಯನ್ನು ಇವತ್ತಿಗೂ ಹೊಗಳುತ್ತಾರೆ. ರೈಲು ಸಮಯಕ್ಕೆ ಬರುತ್ತಿತ್ತು, ಗುಮಾಸ್ತರು ಸೀಟಿನಲ್ಲಿ ಇರುತ್ತಿದ್ದರು, ಮುಷ್ಕರ ಇರಲಿಲ್ಲ ಅಂತಾರೆ. ದೇಶ ಮುಂದೆ ಬರಬೇಕಾದರೆ ದೆಹಲಿಯಲ್ಲಿ ಗಟ್ಟಿ ಸರ್ಕಾರ ಇರಬೇಕು, ಕೋರ್ಟು, ಪತ್ರಿಕೆ ಅಡ್ಡ ಬರಬಾರದು ಅನ್ನುವುದು ಅವರ ವಾದ. ನನಗೆ ಒಪ್ಪಿಗೆ ಇಲ್ಲ, ಆದರೆ ಏನು ಹೇಳಬೇಕು ಅಂತ ತೋಚುವುದಿಲ್ಲ. ಅಂಥ ಕಾಲ ಮತ್ತೆ ಬರಬಹುದಾ? – ಓದುಗರು, ಹಾಸನ

ಉತ್ತರ: ನಿಮ್ಮ ತಂದೆ ಕಂಡದ್ದನ್ನು ಸುಳ್ಳು ಅನ್ನಬೇಡಿ. ಆ ಕಾಲದ ಎಷ್ಟೋ ಜನ ಹೀಗೇ ಹೇಳುತ್ತಾರೆ. ಅವರಿಗೆ ಒಂದೇ ಒಂದು ಪ್ರಶ್ನೆ ಕೇಳಿ. ಆಗ ರಾತ್ರಿ ಪೊಲೀಸರು ಬಂದು ಅವರನ್ನು ಎತ್ತಿಕೊಂಡು ಹೋಗಿದ್ದರೆ, ಯಾಕೆ ಅಂತ ಕೇಳಲು ಅಜ್ಜಿ ಯಾರ ಹತ್ತಿರ ಹೋಗಬೇಕಿತ್ತು?

ಯಾರ ಹತ್ತಿರವೂ ಹೋಗುವ ಹಾಗಿರಲಿಲ್ಲ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಘೋಷಣೆಗೆ ಸಹಿ ಹಾಕಿದರು. ಸಚಿವ ಸಂಪುಟಕ್ಕೆ ವಿಷಯ ಗೊತ್ತಾಗಿದ್ದು ಮರುದಿನ ಬೆಳಗ್ಗೆ. ಜೂನ್ 27ಕ್ಕೆ ಇನ್ನೊಂದು ಆದೇಶ ಬಂತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗುವ ದಾರಿಯನ್ನೇ ಅದು ಮುಚ್ಚಿತು. ಆಂತರಿಕ ಭದ್ರತೆಯ ಹೆಸರಿನಲ್ಲಿ ವಿಚಾರಣೆ ಇಲ್ಲದೆ ಬಂಧಿಸುವ ‘ಮೀಸಾ’ ಕಾಯ್ದೆಗೆ ತಿದ್ದುಪಡಿ ತಂದು, ಬಂಧನಕ್ಕೆ ಕಾರಣ ಹೇಳಬೇಕಾಗಿಯೇ ಇಲ್ಲ ಅಂತ ಮಾಡಿದರು. ಆ ಕಾಲದ ಅತಿರೇಕಗಳನ್ನು ಆಮೇಲೆ ತನಿಖೆ ಮಾಡಿದ ಷಾ ಆಯೋಗದ ಲೆಕ್ಕದ ಪ್ರಕಾರ ಮೀಸಾ ಅಡಿಯಲ್ಲೇ ಸುಮಾರು 35 ಸಾವಿರ ಜನ ಒಳಗಿದ್ದರು. ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಬಂಧಿಸಿದವರು ಇನ್ನೂ 75 ಸಾವಿರಕ್ಕಿಂತ ಜಾಸ್ತಿ.

ಇದು ದೆಹಲಿಗೆ ಮಾತ್ರ ಸೀಮಿತವಾಗಿರಲಿಲ್ಲ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಬಂಧನಕ್ಕೆ ಒಳಗಾದರು. ಇವತ್ತು ಫ್ರೀಡಂ ಪಾರ್ಕ್ ಇರುವ ಜಾಗದಲ್ಲಿದ್ದ ಸೆಂಟ್ರಲ್ ಜೈಲಿನಲ್ಲಿ ಅವರನ್ನು ಇಟ್ಟರು. ಅದೇ ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿ ಅವರೂ ಇದ್ದರು. ಅವರಿಗೆ ತೀವ್ರ ಅಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಹೊರಗೆ ಬಂದು ವಾರ ತುಂಬುವ ಮೊದಲೇ ಅವರು ತೀರಿಕೊಂಡರು.

ಕರ್ನಾಟಕ ಹೈಕೋರ್ಟ್ ಸೇರಿ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿ ಕೇಳಲು ಒಪ್ಪಿದವು. ಇದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಜಬಲ್ಪುರ ಪ್ರಕರಣದಲ್ಲಿ ಅವುಗಳ ಮಾತನ್ನು ತಳ್ಳಿಹಾಕಿತು. ವಿಚಾರಣೆಯ ವೇಳೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಸರ್ಕಾರದ ವಕೀಲರನ್ನು ಕೇಳಿದರು: ಪೊಲೀಸ್ ಅಧಿಕಾರಿಯೊಬ್ಬ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೆ ಪರಿಹಾರ ಇದೆಯೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ, ನಮ್ಮ ವಾದದ ಪ್ರಕಾರ ಅದೇ ಉತ್ತರ ಅಂದರು ಅಟಾರ್ನಿ ಜನರಲ್. ಐವರಲ್ಲಿ ನಾಲ್ವರು ಸರ್ಕಾರದ ಪರ ತೀರ್ಪು ಕೊಟ್ಟರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದಿನ ವರ್ಷ ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರಿಗಿಂತ ಕಿರಿಯರಿಗೆ ಹೋಯಿತು. ಅವರು ರಾಜೀನಾಮೆ ಕೊಟ್ಟರು.

ಕೆಲಸ ಬೇಗ ಆಗುತ್ತಿತ್ತು ಅನ್ನುವ ಮಾತಿಗೆ ಬರೋಣ. ಹೌದು, ಆಗುತ್ತಿತ್ತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು, ಹಿಂದಿನ ವರ್ಷದ ಸುಮಾರು ಮೂರು ಪಟ್ಟು. ಉತ್ತರದ ರಾಜ್ಯಗಳಲ್ಲಿ ಶಾಲೆಯ ಮೇಷ್ಟ್ರುಗಳಿಗೂ ಇಷ್ಟು ಜನರನ್ನು ಕರೆತರಬೇಕು ಅಂತ ಗುರಿ ಕೊಟ್ಟಿದ್ದರು. ತಪ್ಪು ನಡೆಯುತ್ತಿದೆ ಅಂತ ಬರೆಯಲು ಪತ್ರಿಕೆಗೆ ಬಿಡಲಿಲ್ಲ, ತಡೆಯಲು ಕೋರ್ಟಿಗೆ ಬಿಡಲಿಲ್ಲ. ಹಾಗಾಗಿ ತಪ್ಪೂ ಅಷ್ಟೇ ಬೇಗ ನಡೆಯಿತು. ಜನರ ಸಿಟ್ಟು ಎಷ್ಟಿದೆ ಅನ್ನುವುದು ಆಳುವವರಿಗೂ ತಿಳಿಯಲಿಲ್ಲ ಅಂತ ನನ್ನ ಅಭಿಪ್ರಾಯ. 1977ರ ಚುನಾವಣೆಯಲ್ಲಿ ಅದು ಗೊತ್ತಾಯಿತು.

ಮತ್ತೆ ಬರಬಹುದಾ? ತುರ್ತು ಪರಿಸ್ಥಿತಿ ಘೋಷಿಸಲು ಅವಕಾಶ ಕೊಡುವ 352ನೇ ವಿಧಿ ಇನ್ನೂ ಸಂವಿಧಾನದಲ್ಲಿದೆ. ಆದರೆ 1978ರ 44ನೇ ತಿದ್ದುಪಡಿ ಅದರ ಸುತ್ತ ಬೇಲಿ ಹಾಕಿದೆ. ಆಗ ‘ಆಂತರಿಕ ಕ್ಷೋಭೆ’ ಅಂದರೆ ಸಾಕಿತ್ತು. ಈಗ ಯುದ್ಧ, ಹೊರಗಿನ ದಾಳಿ ಅಥವಾ ಸಶಸ್ತ್ರ ಬಂಡಾಯವೇ ಆಗಬೇಕು, ಅಥವಾ ಅದರ ಅಪಾಯ ಎದುರಿಗಿರಬೇಕು. ಸಂಪುಟದ ತೀರ್ಮಾನ ಬರಹದಲ್ಲಿ ಇರಬೇಕು. ಒಂದು ತಿಂಗಳೊಳಗೆ ಸಂಸತ್ತಿನ ಎರಡೂ ಸದನಗಳು ವಿಶೇಷ ಬಹುಮತದಿಂದ ಒಪ್ಪಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಿಗೆ ಪಡೆಯಬೇಕು. ಲೋಕಸಭೆಯ ಹತ್ತರಲ್ಲಿ ಒಂದು ಭಾಗ ಸದಸ್ಯರು ಸಹಿ ಹಾಕಿ ಕೊಟ್ಟರೆ, ಇದನ್ನು ಕೊನೆಗಾಣಿಸುವ ಬಗ್ಗೆ ಚರ್ಚಿಸಲು 14 ದಿನದೊಳಗೆ ಸಭೆ ಕರೆಯಲೇಬೇಕು. ಎಲ್ಲಕ್ಕಿಂತ ದೊಡ್ಡದು, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಗಾಗಿ ಕೋರ್ಟಿಗೆ ಹೋಗುವ ಹಕ್ಕನ್ನು ಈಗ ಯಾವ ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವ ಹಾಗಿಲ್ಲ.

ಜಬಲ್ಪುರ ತೀರ್ಪು ಕೂಡ 2017ರಲ್ಲಿ ರದ್ದಾಯಿತು. ಖಾಸಗಿತನದ ಹಕ್ಕಿನ ಆ ಪ್ರಕರಣ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ತೀರ್ಪು ತಪ್ಪು ಅಂತ ಬರೆದವರು ಡಿ.ವೈ. ಚಂದ್ರಚೂಡ್. 1976ರಲ್ಲಿ ಸರ್ಕಾರದ ಪರ ನಿಂತ ನಾಲ್ವರಲ್ಲಿ ಅವರ ತಂದೆಯೂ ಒಬ್ಬರು.

ಪ್ರಶ್ನೆ: ನಾವು ಆರಿಸಿದ ರಾಜ್ಯ ಸರ್ಕಾರವನ್ನು ಕೇಂದ್ರ ಯಾವಾಗ ಬೇಕಾದರೂ ವಜಾ ಮಾಡಬಹುದಾ? – ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ಹೆಚ್ಚುಕಡಿಮೆ ಹಾಗೇ ಇತ್ತು. 1977ರಲ್ಲಿ ಜನತಾ ಸರ್ಕಾರ ಒಂಬತ್ತು ಕಾಂಗ್ರೆಸ್ ರಾಜ್ಯಗಳನ್ನು ವಜಾ ಮಾಡಿತು. 1980ರಲ್ಲಿ ಕಾಂಗ್ರೆಸ್ ಅದೇ ರೀತಿ ಒಂಬತ್ತು ರಾಜ್ಯಗಳ ಮೇಲೆ ಸೇಡು ತೀರಿಸಿಕೊಂಡಿತು. ಅಧಿಕಾರ ಕೈಯಲ್ಲಿದ್ದಾಗ ಯಾವ ಪಕ್ಷವೂ ತಾನಾಗಿ ಸುಮ್ನೆ ಇರಲಿಲ್ಲ.

ಇದಕ್ಕೆ ತಡೆ ಬಿದ್ದದ್ದು ನಿಮ್ಮ ಹುಬ್ಬಳ್ಳಿಯವರೇ ಆದ ಎಸ್.ಆರ್. ಬೊಮ್ಮಾಯಿ ಅವರ ಹೆಸರಿನ ಪ್ರಕರಣದಿಂದ. 1989ರ ಏಪ್ರಿಲ್‌ನಲ್ಲಿ ಆಗ ಮುಖ್ಯಮಂತ್ರಿಯಾಗಿದ್ದ ಅವರಿಗೆ ಕೊಟ್ಟಿದ್ದ ಬೆಂಬಲವನ್ನು 19 ಶಾಸಕರು ಹಿಂತೆಗೆದುಕೊಂಡರು ಎಂಬ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಅವರಲ್ಲಿ ಏಳು ಮಂದಿ ಆಮೇಲೆ ಹಾಗಲ್ಲ ಅಂದರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂತ ಬೊಮ್ಮಾಯಿ ಕೇಳಿದರೂ ಅವಕಾಶ ಸಿಗಲಿಲ್ಲ, ಸರ್ಕಾರ ಹೋಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ತೀರ್ಮಾನವಾಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ. ವಜಾ ಆದೇಶವನ್ನು ಕೋರ್ಟ್ ಪರಿಶೀಲಿಸಬಹುದು. ಸಂಸತ್ತು ಒಪ್ಪುವವರೆಗೆ ವಿಧಾನಸಭೆ ವಿಸರ್ಜಿಸುವ ಹಾಗಿಲ್ಲ. ಬೊಮ್ಮಾಯಿ ಅವರಿಗೆ ಕುರ್ಚಿ ವಾಪಸ್ ಸಿಗಲಿಲ್ಲ, ಆದರೆ ಆಮೇಲೆ ಬಂದ ಎಷ್ಟೋ ಮುಖ್ಯಮಂತ್ರಿಗಳಿಗೆ ಈ ತೀರ್ಪು ಆಸರೆಯಾಯಿತು.

ಪ್ರಶ್ನೆ: ನಮ್ಮ ಅಣ್ಣನ ಮಗನ ಮೇಲೆ ಗೂಂಡಾ ಕಾಯ್ದೆ ಹಾಕಿ ದೂರದ ಜೈಲಿಗೆ ಕಳಿಸಿದ್ದಾರೆ. ಹಳೇ ಕೇಸುಗಳಲ್ಲಿ ಅವನಿಗೆ ಜಾಮೀನು ಸಿಕ್ಕಿತ್ತು. ಒಂದು ವರ್ಷ ಬಿಡಲ್ಲ ಅಂತಾರೆ. ನಾವು ಏನು ಮಾಡಬೇಕು ಸರ್? – ಓದುಗರು, ವಿಜಯಪುರ

ಉತ್ತರ: ಮೊದಲ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ. ತುರ್ತು ಪರಿಸ್ಥಿತಿ ಇಲ್ಲದಿದ್ದರೂ ವಿಚಾರಣೆ ಇಲ್ಲದೆ ಒಳಗಿಡುವ ಅಧಿಕಾರ ಸರ್ಕಾರದ ಬಳಿ ಇದೆ. ಮುನ್ನೆಚ್ಚರಿಕೆ ಬಂಧನಕ್ಕೆ 22ನೇ ವಿಧಿಯೇ ಅವಕಾಶ ಕೊಡುತ್ತದೆ. ಬಂಧನಕ್ಕೆ ಸಾಕಷ್ಟು ಕಾರಣ ಇದೆಯೇ ಅಂತ ನೋಡುವ ಸಲಹಾ ಮಂಡಳಿಯ ಒಪ್ಪಿಗೆ ಇಲ್ಲದೆ ಇಟ್ಟುಕೊಳ್ಳುವ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸುವ ಮಾತು 44ನೇ ತಿದ್ದುಪಡಿಯಲ್ಲೇ ಇತ್ತು. ಆ ಒಂದು ಭಾಗವನ್ನು ಮಾತ್ರ ಇಲ್ಲಿಯವರೆಗೆ ಯಾವ ಪಕ್ಷದ ಸರ್ಕಾರವೂ ಜಾರಿಗೆ ತಂದಿಲ್ಲ. ಇದು ನನಗೆ ತುಂಬಾ ಬೇಸರ ತರುವ ಸಂಗತಿ.

ಕರ್ನಾಟಕದ ಗೂಂಡಾ ಕಾಯ್ದೆ 1985ರದ್ದು. ಹೆಚ್ಚೆಂದರೆ 12 ತಿಂಗಳು ಇಡಬಹುದು. ಆದರೆ ಪ್ರತಿ ಹೆಜ್ಜೆಗೂ ಗಡುವು ಇದೆ. ಬಂಧನದ ಕಾರಣಗಳನ್ನು ಐದು ದಿನದೊಳಗೆ ಬರಹದಲ್ಲಿ ಕೊಡಬೇಕು. ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಮಿಷನರ್ ಆದೇಶ ಮಾಡಿದ್ದರೆ 12 ದಿನದೊಳಗೆ ರಾಜ್ಯ ಸರ್ಕಾರ ಒಪ್ಪಬೇಕು. ಮೂರು ವಾರದೊಳಗೆ ವಿಷಯ ಸಲಹಾ ಮಂಡಳಿಯ ಮುಂದೆ ಹೋಗಬೇಕು. ಹಾಗಾಗಿ ಮೊದಲು ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಎಂದು ಹಿಡಿದರು, ಯಾವ ಕಾಗದ ಎಂದು ಕೊಟ್ಟರು.

ಆ ಕಾಗದಗಳು ಹುಡುಗನಿಗೆ ಓದಲು ಬರುವ ಭಾಷೆಯಲ್ಲಿ ಇದೆಯೇ ನೋಡಿ. ಕನ್ನಡ ಮಾತ್ರ ಬಲ್ಲವನಿಗೆ ಬರೀ ಇಂಗ್ಲಿಷ್ ದಾಖಲೆ ಕೊಟ್ಟಿದ್ದರೆ ಅದೇ ದೊಡ್ಡ ಲೋಪ. ಅವನ ಕೈಯಿಂದ ತಕ್ಷಣ ಮನವಿ ಬರೆಸಿ, ಜೈಲು ಅಧಿಕಾರಿಯ ಮೂಲಕವೇ ಸರ್ಕಾರಕ್ಕೆ ಕಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಮನವಿಯನ್ನು ಸರ್ಕಾರ ಕಾರಣವಿಲ್ಲದೆ ತಡಮಾಡಿದರೆ ಅಷ್ಟಕ್ಕೇ ಬಂಧನ ರದ್ದಾಗುವುದುಂಟು. ಸಲಹಾ ಮಂಡಳಿಯ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಅವನಿಗಿಲ್ಲ, ಆದರೆ ವಕೀಲರಲ್ಲದ ಸ್ನೇಹಿತರೊಬ್ಬರ ನೆರವು ಕೇಳಬಹುದು.

ಜಾಮೀನಿನ ವಿಷಯವೂ ಮುಖ್ಯ. ಜಾಮೀನು ಸಿಕ್ಕಿದ್ದು ಪೊಲೀಸರಿಗೆ ಇಷ್ಟವಾಗದಿದ್ದರೆ ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಬೇಕು, ಅದರ ಬದಲು ಈ ಕಾಯ್ದೆ ಬಳಸಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಸಾಮಾನ್ಯ ಗಲಾಟೆಗೂ ಇಡೀ ಊರಿನ ನೆಮ್ಮದಿ ಕೆಡಿಸುವ ಕೃತ್ಯಕ್ಕೂ ವ್ಯತ್ಯಾಸ ಇದೆ ಅನ್ನುವುದು ರಾಮಮನೋಹರ ಲೋಹಿಯಾ ಅವರ ಪ್ರಕರಣದಿಂದಲೂ ನಡೆದುಬಂದ ಮಾತು. ಇಂಥ ಬಂಧನ ಎರಡನೆಯದಕ್ಕೆ ಮಾತ್ರ.

ವಿಜಯಪುರ ಕಲಬುರಗಿ ಪೀಠದ ವ್ಯಾಪ್ತಿಗೆ ಬರುತ್ತದೆ. ಅಕ್ರಮ ಬಂಧನದಿಂದ ಬಿಡಿಸಿ ಅಂತ ಹೈಕೋರ್ಟಿಗೆ ಕೊಡುವ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಅವನೇ ಹಾಕಬೇಕು ಅಂತಿಲ್ಲ, ತಂದೆ ತಾಯಿ ಹಾಕಬಹುದು, ನೀವೂ ಹಾಕಬಹುದು. ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡಬೇಕು. 15100ಕ್ಕೆ ಫೋನ್ ಮಾಡಿ, ಅಥವಾ ಜಿಲ್ಲಾ ನ್ಯಾಯಾಲಯದಲ್ಲಿರುವ ಪ್ರಾಧಿಕಾರದ ಕಚೇರಿಗೆ ಆ ತಾರೀಖಿನ ಹಾಳೆ ಮತ್ತು ಬಂಧನ ಆದೇಶದ ಪ್ರತಿ ತೆಗೆದುಕೊಂಡು ನಾಳೆಯೇ ಹೋಗಿ.