ಮಳೆಗಾಲಕ್ಕೆ ನಿಲ್ಲಿಸಿದ ವ್ಯಾನಿಗೆ ಇಲಿ ನುಗ್ಗದಂತೆ

ಪ್ರಶ್ನೆ: ನಿವೃತ್ತಿಯಾದ ಮೇಲೆ ನಾನೂ ನನ್ನ ಹೆಂಡತಿಯೂ ಊರೂರು ಸುತ್ತಲೆಂದು ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಒಳಗೆ ಹಾಸಿಗೆ, ಗ್ಯಾಸ್ ಒಲೆ, ಸಿಂಕ್, ಬೀರು ಎಲ್ಲ ಮಾಡಿಸಿಕೊಂಡಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ತೋಟದ ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ನಿಂತಿರುತ್ತದೆ. ಕಳೆದ ಸಲ ಮಳೆ ಮುಗಿದು ಬಾಗಿಲು ತೆಗೆದರೆ ಹಾಸಿಗೆಯ ಸ್ಪಂಜು ಪುಡಿಪುಡಿಯಾಗಿತ್ತು, ದೀಪದ ವೈರು ತುಂಡಾಗಿತ್ತು. ತಿನ್ನುವ ಪದಾರ್ಥ ಒಂದನ್ನೂ ಒಳಗೆ ಬಿಟ್ಟಿರಲಿಲ್ಲ. ನ್ಯಾಫ್ತಲೀನ್ ಗುಳಿಗೆ ಹಾಕಿದ್ದೆವು, ಶಬ್ದದಿಂದ ಇಲಿ ಓಡಿಸುವ ಯಂತ್ರವನ್ನೂ ಇಟ್ಟಿದ್ದೆವು. ಈ ಸಲ ಏನು ಮಾಡಬೇಕು?
— ಮೂಡಿಗೆರೆ ತಾಲ್ಲೂಕಿನ ಓದುಗರು

ಉತ್ತರ: ಗೋದಾಮಿನ ಪಕ್ಕ ಎಂದು ಬರೆದಿದ್ದೀರಿ. ಅಲ್ಲಿ ಭತ್ತವೋ ಹಿಂಡಿ ಬೂಸಾವೋ ಇದ್ದೇ ಇರುತ್ತದೆ. ಇಲಿಗೆ ಊಟ ಅಲ್ಲಿಯೇ ಸಿಗುತ್ತದೆ, ಅದಕ್ಕೆ ನಿಮ್ಮ ವ್ಯಾನಿನ ಅಕ್ಕಿ ಬೇಳೆ ಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಬಾಣಂತಿ ಕೋಣೆ: ಕತ್ತಲೆ, ಬೆಚ್ಚಗಿನ ಮೂಲೆ, ಮೆತ್ತನೆಯ ಹಾಸು, ನಾಲ್ಕು ತಿಂಗಳು ಯಾರೂ ಬಾಗಿಲು ತೆಗೆಯದ ನೆಮ್ಮದಿ. ಜೂನ್ ಮಳೆಗೆ ಬದುವಿನ ಬಿಲಗಳಿಗೆ ನೀರು ನುಗ್ಗಿದಾಗ ನಿಮ್ಮ ವ್ಯಾನಿಗಿಂತ ಒಳ್ಳೆಯ ಜಾಗ ಅದಕ್ಕೆ ಇಡೀ ತೋಟದಲ್ಲಿ ಸಿಗುವುದಿಲ್ಲ. ಚಿಕ್ಕ ಮನೆ ಇಲಿ ಗಬ್ಬವಾಗಿ ಮೂರು ವಾರದಲ್ಲಿ ಮರಿ ಹಾಕುತ್ತದೆ, ಆ ಮರಿಗಳು ಒಂದೂವರೆ ಎರಡು ತಿಂಗಳಲ್ಲಿ ತಾವೂ ಮರಿ ಹಾಕಲು ಸಿದ್ಧವಾಗುತ್ತವೆ. ಜೂನ್‌ನಲ್ಲಿ ಒಂದು ಜೋಡಿ ಹೊಕ್ಕರೆ ಸೆಪ್ಟೆಂಬರ್ ಹೊತ್ತಿಗೆ ಒಂದು ಸಂಸಾರವಲ್ಲ, ಒಂದು ಊರೇ ಆಗಿರುತ್ತದೆ.

ಹಾಸನದಲ್ಲಿ ವಾಹನಗಳ ವೈರಿಂಗ್ ಮತ್ತು ಒಳಗಿನ ಮರಗೆಲಸವನ್ನು ನಾನು ಮಾಡುತ್ತಾ ಬಂದಿದ್ದೇನೆ. ಹಿಂದೊಮ್ಮೆ ನನ್ನದೇ ವ್ಯಾನನ್ನು ಸಕಲೇಶಪುರದ ಕಡೆ ನೆಂಟರ ತೋಟದಲ್ಲಿ ಮಳೆಗಾಲವಿಡೀ ಬಿಟ್ಟಿದ್ದೆ. ಬಂದು ಸೀಟಿನ ಕೆಳಗಿನ ಹಲಗೆ ಎತ್ತಿದಾಗ ಕಂಡದ್ದು ಇಂದಿಗೂ ಕಣ್ಣಮುಂದಿದೆ. ಗೋಣಿ ನಾರು, ಹಳದಿ ಸ್ಪಂಜು, ಹರಿದ ಟಿಶ್ಯೂ ಕಾಗದ ಸೇರಿಸಿ ಹೆಣೆದ ಬೊಗಸೆಯಷ್ಟು ಗೂಡು. ಅದರ ನಡುವೆ ಕಣ್ಣು ಬಿಡದ, ಕಡಲೆಬೀಜದ ಗಾತ್ರದ ಏಳು ಕೆಂಪು ಮರಿಗಳು. ಪಕ್ಕದಲ್ಲೇ ವೈರಿನ ಪ್ಲಾಸ್ಟಿಕ್ ಒಂದು ಗೇಣುದ್ದ ಸುಲಿದುಹೋಗಿ ತಾಮ್ರ ಮಿನುಗುತ್ತಿತ್ತು. ಬ್ಯಾಟರಿಯ ಸಂಪರ್ಕ ತೆಗೆದಿರಲಿಲ್ಲ. ಆ ತಾಮ್ರ ತಗಡಿಗೆ ತಾಗಿದ್ದರೆ ಶೆಡ್ಡೂ ಉಳಿಯುತ್ತಿರಲಿಲ್ಲ. ಇಲಿಯ ಮುಂಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಕಡಿದು ಸವೆಸಲೇಬೇಕು. ಹಾಗಾಗಿ ನಿಲ್ಲಿಸುವ ದಿನ ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಿಡುವುದನ್ನು ಮರೆಯಬೇಡಿ. ಗ್ಯಾಸ್ ಸಿಲಿಂಡರನ್ನೂ ಹೊರಗೆ ತೆಗೆದಿಡಿ.

ಗುಳಿಗೆ ಮತ್ತು ಯಂತ್ರದ ವಿಷಯ ಬೇಗ ಮುಗಿಸುತ್ತೇನೆ. ನ್ಯಾಫ್ತಲೀನ್‌ಗೆ ಇಲಿ ಜಗ್ಗುವುದಿಲ್ಲ. ಮುಚ್ಚಿದ ವಾಹನದಲ್ಲಿ ಅದರ ಆವಿ ಕೆಡುಕು ಮಾಡುವುದು ಮಲಗುವ ನಿಮಗೇ. ಶಬ್ದದ ಯಂತ್ರಕ್ಕೆ ಇಲಿ ಸ್ವಲ್ಪ ದಿನಗಳಲ್ಲೇ ಒಗ್ಗಿಕೊಳ್ಳುತ್ತದೆ, ಆ ಶಬ್ದ ಹಾಸಿಗೆ ಬೀರುಗಳನ್ನು ದಾಟುವುದೂ ಇಲ್ಲ. ಪುದೀನ ಎಣ್ಣೆಯ ಘಾಟು ಒಂದೆರಡು ವಾರದಲ್ಲಿ ಆರಿಹೋಗುತ್ತದೆ. ಇವಕ್ಕೆಲ್ಲ ಹಾಕುವ ಹಣದಲ್ಲಿ ಜಾಲರಿ ತನ್ನಿ.

ನಂಬಬಹುದಾದ ದಾರಿ ಒಂದೇ, ಕಂಡಿ ಮುಚ್ಚುವುದು. ಚಿಕ್ಕ ಇಲಿಗೆ 6 ಮಿಲಿಮೀಟರ್ ಸಂದು ಸಾಕು. ಬರೆಯುವ ಪೆನ್ಸಿಲ್ ತೂರುವ ಜಾಗವೆಲ್ಲ ಅದಕ್ಕೆ ಬಾಗಿಲು ಎಂದೇ ತಿಳಿಯಿರಿ. ಮೇ ತಿಂಗಳಲ್ಲಿ ಒಂದು ದಿನ ಇದಕ್ಕೆಂದೇ ಮೀಸಲಿಡಿ. ಕತ್ತಲಾದ ಮೇಲೆ ವ್ಯಾನಿನ ಒಳಗೆ ಪ್ರಖರವಾದ ದೀಪ ಹಚ್ಚಿ, ಬೀರುಗಳ ಬಾಗಿಲು ತೆರೆದಿಟ್ಟು, ನೀವು ಗೋಣಿಚೀಲ ಹಾಸಿಕೊಂಡು ವಾಹನದ ಕೆಳಗೆ ಅಂಗಾತ ಮಲಗಿ. ಎಲ್ಲೆಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೆಯೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹಳೆಯ ವಾಹನವನ್ನು ಮನೆಯಾಗಿ ಮಾಡುವಾಗ ಸಿಂಕಿನ ನೀರು ಹೊರಹೋಗುವ ಪೈಪು, ಗ್ಯಾಸ್ ಪೈಪು, ವೈರುಗಳಿಗೆಂದು ನೆಲದ ತಗಡಿಗೆ ತೂತು ಕೊರೆಯುತ್ತಾರೆ. ಅರ್ಧ ಇಂಚಿನ ಪೈಪಿಗೆ ಒಂದು ಇಂಚಿನ ತೂತು! ಹೆಚ್ಚಿನ ಇಲಿಗಳು ಬರುವುದು ಈ ತೂತುಗಳಿಂದಲೇ. ಗೇರು ಮತ್ತು ಹ್ಯಾಂಡ್‌ಬ್ರೇಕಿನ ಬುಡದ ರಬ್ಬರು ಹರಿದಿದೆಯೇ, ಹಿಂಬಾಗಿಲಿನ ಕೆಳತುದಿಯ ರಬ್ಬರು ಕಿತ್ತಿದೆಯೇ ಎಂಬುದನ್ನೂ ನೋಡಿ. ಬೆಳಕು ನೇರವಾಗಿ ಹೊರಬರದ ಮೂಲೆಗಳನ್ನು ಕೈಯಾಡಿಸಿಯೇ ಕಂಡುಹಿಡಿಯಬೇಕು.

ಈ ಸಂದುಗಳಿಗೆ ಡಬ್ಬಿಯಿಂದ ಚಿಮ್ಮಿಸಿ ಗಟ್ಟಿಯಾಗಿಸುವ ನೊರೆಯನ್ನು (ಫೋಮ್) ಮಾತ್ರ ತುಂಬಿಸಿದರೆ ಇಲಿ ಅದನ್ನು ಒಂದೇ ರಾತ್ರಿಯಲ್ಲಿ ಕೊರೆಯುತ್ತದೆ. ಸಾಮಾನ್ಯ ಉಕ್ಕಿನ ನಾರು ನಮ್ಮ ಮಲೆನಾಡಿನ ತೇವಕ್ಕೆ ಒಂದೇ ಮಳೆಗಾಲದಲ್ಲಿ ತುಕ್ಕಿನ ಪುಡಿಯಾಗುತ್ತದೆ. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸ್ಟೀಲ್ ಸುರುಳಿ ಉಜ್ಜಿಗಳನ್ನು ತನ್ನಿ, ಯಾವ ಅಂಗಡಿಯಲ್ಲೂ ಸಿಗುತ್ತವೆ. ಅದನ್ನು ಪೈಪಿನ ಸುತ್ತ ಸ್ಕ್ರೂಡ್ರೈವರಿನಿಂದ ಬಿಗಿಯಾಗಿ ತುರುಕಿ, ಮೇಲೆ ಸಿಲಿಕೋನ್ ಬಳಿಯಿರಿ. ವೈರು ಹಾದುಹೋಗುವ ಕಡೆ ಉಜ್ಜಿಯ ಅಂಚು ವೈರಿನ ಹೊದಿಕೆಯನ್ನು ಕೊಯ್ಯದಂತೆ ಮೊದಲು ರಬ್ಬರ್ ಕೊಳವೆ ತೊಡಿಸಿ. ದೊಡ್ಡ ತೂತಿಗೆ ತಗಡಿನ ತುಂಡು ಕತ್ತರಿಸಿ ರಿವೆಟ್ ಹೊಡೆಸಿ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಗ್ಯಾಸ್ ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಗಾಳಿಕಂಡಿ ಇರುತ್ತದೆ, ಅದನ್ನು ಎಂದಿಗೂ ಮುಚ್ಚಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗಿಳಿದು ಅಲ್ಲಿಂದಲೇ ಹೊರಹೋಗಬೇಕು. ಅದಕ್ಕೂ ಚಾವಣಿಯ ಗಾಳಿಕಂಡಿಗೂ 6 ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ತುಕ್ಕು ಹಿಡಿಯದ ಜಾಲರಿ ಹೊಡೆಯಿರಿ. ಗಾಳಿಯಾಡದಂತೆ ಬಿಗಿದಿಟ್ಟರೆ ಇಲಿ ಬಾರದಿದ್ದರೂ ಆಗಸ್ಟ್ ಹೊತ್ತಿಗೆ ಹಲಗೆಗಳಿಗೆಲ್ಲ ಬೂಷ್ಟು ಹಿಡಿದಿರುತ್ತದೆ.

ಮುಚ್ಚುವ ಮೊದಲು ಒಳಗೆ ಇಲಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಇಲ್ಲವಾದರೆ ಒಳಗೆ ಸಿಕ್ಕಿಬಿದ್ದದ್ದು ಹೊರಬರಲು ಎಲ್ಲವನ್ನೂ ಕಡಿಯುತ್ತದೆ. ನೆಲಕ್ಕೆ ತೆಳುವಾಗಿ ಮೈಗೆ ಹಚ್ಚುವ ಪೌಡರ್ ಉದುರಿಸಿಡಿ, ಬೆಳಗ್ಗೆ ಹೆಜ್ಜೆಯ ಚುಕ್ಕೆಗಳೂ ಬಾಲದ ಗೆರೆಯೂ ಕಾಣುತ್ತವೆ. ಗೋಡೆಯಂಚಿನಲ್ಲಿ ಎರಡು ಮೂರು ಬೋನು ಇಡಿ. ಇಲಿ ನಡುಜಾಗದಲ್ಲಿ ಓಡಾಡುವುದಿಲ್ಲ, ಗೋಡೆಗೆ ಮೈ ಸವರಿಕೊಂಡೇ ಹೋಗುತ್ತದೆ. ಸುಟ್ಟ ಕೊಬ್ಬರಿ ಸಾಮಾನ್ಯವಾಗಿ ಸಾಕು. ಗೂಡು ಹುಡುಕುವ ಹೆಣ್ಣು ಕೊಬ್ಬರಿಗೆ ಬೀಳದಿದ್ದರೆ ಕೊಕ್ಕೆಗೆ ಒಂದಿಷ್ಟು ಹತ್ತಿ ಬಿಗಿಯಾಗಿ ಕಟ್ಟಿ ನೋಡಿ. ವಾರವಿಡೀ ಪೌಡರಿನ ಮೇಲೆ ಗುರುತು ಬೀಳದಿದ್ದರೆ ಆಗ ಕೊನೆಯ ಸಂದನ್ನು ಮುಚ್ಚಿ.

ಹಾಸಿಗೆ, ದಿಂಬು, ಪರದೆ, ಟಿಶ್ಯೂ ಕಾಗದ ಎಲ್ಲವನ್ನೂ ಮನೆಯೊಳಗೆ ಒಯ್ಯಿರಿ. ಬೀರು, ಫ್ರಿಜ್ ಬಾಗಿಲು ತೆರೆದೇ ಇರಲಿ. ಸಾಧ್ಯವಾದರೆ ವ್ಯಾನನ್ನು ಗೋದಾಮಿನಿಂದಲೂ ಹುಲ್ಲಿನ ಬಣವೆಯಿಂದಲೂ ದೂರ ನಿಲ್ಲಿಸಿ. ಸಿಲ್ವರ್ ಓಕ್ ಕೊಂಬೆಯಾಗಲಿ ಮೆಣಸಿನ ಬಳ್ಳಿಯಾಗಲಿ ಚಾವಣಿಗೆ ತಾಗುವಂತಿರಬಾರದು. ಶೆಡ್ಡಿನೊಳಗೆ ಬಾನೆಟ್ ಎತ್ತಿಯೇ ಇಡಿ. ಬೆಳಕು ಬೀಳುವ ಇಂಜಿನ್ ಇಲಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಏರ್ ಫಿಲ್ಟರಿನ ಗಾಳಿ ಮೂತಿಗೂ ಸೈಲೆನ್ಸರಿನ ಬಾಯಿಗೂ ಜಾಲರಿ ಕಟ್ಟಿ, “ಜಾಲರಿ ತೆಗೆದು ಸ್ಟಾರ್ಟ್ ಮಾಡಿ” ಎಂದು ಬರೆದ ಚೀಟಿಯನ್ನು ಸ್ಟೇರಿಂಗಿಗೆ ತೂಗುಹಾಕಿ. ಹದಿನೈದು ದಿನಕ್ಕೊಮ್ಮೆ ಹೋಗಿ ಬಾಗಿಲು ತೆರೆದು, ಪೌಡರ್ ನೋಡಿ ಬನ್ನಿ. ಮಳೆ ಮುಗಿದು ಹೊರಡುವಾಗ ಗ್ಯಾಸಿನ ರಬ್ಬರ್ ಪೈಪನ್ನು ಉದ್ದಕ್ಕೂ ಬೆರಳಾಡಿಸಿ ನೋಡಿ, ಸಿಲಿಂಡರ್ ಜೋಡಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಪರೀಕ್ಷಿಸಿ. ಒಂದೇ ಒಂದು ಹಲ್ಲಿನ ಗುರುತಿದ್ದರೂ ಪೈಪು ಬದಲಾಯಿಸಿ.

ಪ್ರಶ್ನೆ: ನಮ್ಮ ವ್ಯಾನಿನ ಬೀರುಗಳ ತುಂಬ ಇಲಿ ಹಿಕ್ಕೆ, ಮೂತ್ರದ ನಾತ. ಚೆನ್ನಾಗಿ ಗುಡಿಸಿ ಫಿನಾಯಿಲ್ ಹಾಕಿದರೆ ಸಾಕಲ್ಲವೇ?
— ಚನ್ನರಾಯಪಟ್ಟಣದ ಓದುಗರು

ಉತ್ತರ: ದಯವಿಟ್ಟು ಒಣಗಿದ್ದನ್ನು ಗುಡಿಸಬೇಡಿ, ಧೂಳಾಗಿ ಎದ್ದು ಮೂಗಿಗೆ ಬರುತ್ತದೆ. ಎಲ್ಲ ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ಬಿಡಿ. ರಬ್ಬರ್ ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಒಂದು ಪಾಲು ದ್ರವರೂಪದ ಬ್ಲೀಚಿಗೆ (ಪುಡಿಯಲ್ಲ) ಒಂಬತ್ತು ಪಾಲು ನೀರು ಬೆರೆಸಿ, ಹಿಕ್ಕೆ ತೊಯ್ಯುವಷ್ಟು ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಹಳೆಯ ಪತ್ರಿಕೆಯಿಂದ ಬಾಚಿ ತೆಗೆಯಿರಿ. ಬ್ಲೀಚಿನ ಜೊತೆ ಆಸಿಡ್ ಇರುವ ಯಾವ ಕ್ಲೀನರನ್ನೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಇಷ್ಟು ಹೇಳುವುದಕ್ಕೆ ಕಾರಣ ಇಲಿ ಜ್ವರ. ಇಲಿಯ ಮೂತ್ರದಲ್ಲಿರುವ ರೋಗಾಣು ಕೈಯ ಸಣ್ಣ ಗಾಯದಿಂದಲೂ ಕಣ್ಣು, ಬಾಯಿಯಿಂದಲೂ ಮೈ ಸೇರುತ್ತದೆ. ಸ್ವಚ್ಛಗೊಳಿಸಿದ ಒಂದು ತಿಂಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರ ಬಳಿ ಹೋಗಿ, ಇಲಿ ಹಿಕ್ಕೆ ತೆಗೆದದ್ದನ್ನು ಬಾಯಿಬಿಟ್ಟು ಹೇಳಿ. ಬೇಗ ಗೊತ್ತಾದರೆ ಸಾಮಾನ್ಯ ಆಂಟಿಬಯೋಟಿಕ್‌ನಿಂದಲೇ ಗುಣವಾಗುತ್ತದೆ. ಮೂತ್ರ ಹೀರಿದ ಸ್ಪಂಜನ್ನು ಮಾತ್ರ ಉಳಿಸಲು ಹೋಗಬೇಡಿ, ಆ ನಾತ ಹೋಗುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಏಕೆ, ವ್ಯಾನಿನೊಳಗೆ ಇಲಿ ಪಾಷಾಣ ಇಟ್ಟರಾಗದೇ?
— ಬೇಲೂರಿನ ಓದುಗರು

ಉತ್ತರ: ವ್ಯಾನಿನೊಳಗೆ ಬೇಡವೇ ಬೇಡ. ವಿಷ ತಿಂದ ಇಲಿ ಒಳಗೋಡೆಯ ಹಲಗೆಯ ಹಿಂದೆ ಹೋಗಿ ಸಾಯುತ್ತದೆ, ಆ ಹಲಗೆ ಬಿಚ್ಚುವ ಕೂಲಿ ಬೋನಿನ ಬೆಲೆಯ ಹತ್ತು ಪಟ್ಟು. ಮಕ್ಕಳಿರುವ ಮನೆಯಲ್ಲಿ ಹಳದಿ ರಂಜಕದ ಪೇಸ್ಟ್ ಇಡುವುದಂತೂ ಭಯಂಕರ. ಅದಕ್ಕೆ ಪ್ರತಿವಿಷವೇ ಇಲ್ಲ. ವಿಷ ತಿಂದು ತೂರಾಡುವ ಇಲಿಯನ್ನು ಬೆಕ್ಕು, ಗೂಬೆ ಹಿಡಿದು ತಿಂದರೆ ಅವೂ ಸಾಯಬಹುದು. ಶೆಡ್ಡಿನಲ್ಲಿ ಕೇರೆ ಹಾವು ಓಡಾಡುತ್ತಿದ್ದರೆ ಅದನ್ನೂ ಹೊಡೆಯಬೇಡಿ. ಅದಕ್ಕೆ ವಿಷವಿಲ್ಲ, ಬಂದಿರುವುದು ಇಲಿಗಾಗಿಯೇ.