ಕಾಲ್ಪನಿಕ ರಾಜ್ಯದ ಪಟ್ಟದ ಜಗಳ ಓದುಗರಿಗೆ ನಿಜ ಅನ್ನಿಸೋದು ಹೇಗೆ?

ಎರಡು ನದಿಗಳ ನಡುವೆ ಒಂದು ಕಾಲ್ಪನಿಕ ರಾಜ್ಯ. ರಾಜ ಸತ್ತಿದ್ದಾನೆ. ದೊಡ್ಡ ರಾಣಿಯ ಮಗನಿಗೂ ಚಿಕ್ಕ ರಾಣಿಯ ಮಗನಿಗೂ ಪಟ್ಟಕ್ಕಾಗಿ ಯುದ್ಧ, ಇಬ್ಬರ ಹತ್ತಿರವೂ ಹಾರುವ ಕುದುರೆಗಳು. ಯಾರ ಹಕ್ಕು ಸರಿ ಅಂತ ಮೂರು ಅಧ್ಯಾಯ ಬರೆದಿದ್ದೀರಿ, ಓದಿದವರು ಆಕಳಿಸುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಆ ಮೂರು ಅಧ್ಯಾಯ ತೆಗೆದುಬಿಡಿ. ರಾಜ ಸತ್ತ ವಾರ ಖಜಾನೆಯ ಬೀಗದ ಕೈ ಯಾರ ಸೊಂಟದಲ್ಲಿತ್ತು, ಅಲ್ಲಿಂದ ಶುರು ಮಾಡಿ.

ನಾನು ಗಂಗಾವತಿ ಕಡೆಯವನು. ಆನೆಗೊಂದಿಯಲ್ಲಿ ಹೊಳೆ ದಾಟಿದರೆ ಹಂಪಿ. ಹಾಗಾಗಿ ಪಟ್ಟದ ಜಗಳ ಅಂದರೆ ನನಗೆ ನೆನಪಾಗೋದು ವಿಜಯನಗರದ್ದೇ. 1529ರಲ್ಲಿ ಕೃಷ್ಣದೇವರಾಯ ತೀರಿಕೊಂಡಾಗ ಮಗ ಇನ್ನೂ ಕೂಸು. ತಮ್ಮ ಅಚ್ಯುತರಾಯ ಇದ್ದದ್ದು ದೂರದ ಚಂದ್ರಗಿರಿಯಲ್ಲಿ. ಅಳಿಯ ರಾಮರಾಯ ಕೂಸಿನ ಪರ ನಿಂತ. ಅಚ್ಯುತ ಬಂದು ಸೇರುವ ತನಕ ಸಿಂಹಾಸನ ಕಾದವರು ಅವನ ಭಾವಮೈದುನರು, ಸಲಕರಾಜು ಸಹೋದರರು. ಅವನಾದರೂ ರಾಜಧಾನಿ ಮುಟ್ಟುವ ಮೊದಲೇ ತಿರುಪತಿಯಲ್ಲಿ ಒಮ್ಮೆ, ಕಾಳಹಸ್ತಿಯಲ್ಲಿ ಒಮ್ಮೆ ಪಟ್ಟ ಕಟ್ಟಿಸಿಕೊಂಡ. ಎಷ್ಟು ಅವಸರ, ಎಷ್ಟು ಭಯ ನೋಡಿ! ಅಷ್ಟರಲ್ಲಿ ಬಿಜಾಪುರದವರು ಸುಮ್ನೆ ಕೂರಲಿಲ್ಲ. ಕೃಷ್ಣದೇವರಾಯ 1520ರಲ್ಲಿ ಗೆದ್ದಿದ್ದ ರಾಯಚೂರು ಅವರ ಪಾಲಾಯಿತು, ಜೊತೆಗೆ ಮುದಗಲ್ಲೂ ಹೋಯಿತು. ನಿಮ್ಮ ನಕ್ಷೆಯಲ್ಲಿ ನದಿಯಾಚೆ ಬರೀ ಖಾಲಿ ಜಾಗ ಇದೆ. ಅಲ್ಲೊಬ್ಬ ಹೊಂಚು ಹಾಕುವವನು ಬೇಕಲ್ವಾ?

ಅಸಲಿ ಮಸಾಲೆ ಇರೋದು 1542ರಲ್ಲಿ. ಅಚ್ಯುತ ಸತ್ತ, ಅವನ ಮಗ ವೆಂಕಟ ಚಿಕ್ಕ ಹುಡುಗ. ಅದೇ ಭಾವಮೈದುನ ಸಲಕರಾಜು ತಿರುಮಲ ಅಧಿಕಾರ ಹಿಡಿದ. ಹುಡುಗನ ತಾಯಿ ರಾಣಿ ವರದಾಂಬಿಕೆಗೆ ಒಡಹುಟ್ಟಿದವನ ಮೇಲೇ ನಂಬಿಕೆ ಇಲ್ಲ. ಬಿಜಾಪುರದ ಸುಲ್ತಾನನಿಗೆ ಸಹಾಯಕ್ಕೆ ಬಾ ಅಂತ ಹೇಳಿ ಕಳಿಸಿದಳು. ತಿರುಮಲ ದಾರಿಯಲ್ಲೇ ದುಡ್ಡು ಕೊಟ್ಟು ಅವನನ್ನು ವಾಪಸ್ ಕಳಿಸಿದ. ಕೊನೆಗೆ ಸೋದರಮಾವನೇ ಕಂಸನಾದ, ಹುಡುಗನನ್ನು ಕೊಲ್ಲಿಸಿ ತಾನೇ ಸಿಂಹಾಸನ ಹತ್ತಿದ. ಆಗ ರಾಮರಾಯ ಗುತ್ತಿ ಕೋಟೆಯಲ್ಲಿ ಸೆರೆಯಲ್ಲಿದ್ದ, ಅಚ್ಯುತನ ಸೋದರನ ಮಗ ಸದಾಶಿವನನ್ನು ಬಿಡಿಸಿ, ಇವನೇ ರಾಜ ಅಂದ. ಸೋಲು ಖಚಿತ ಅಂತ ಗೊತ್ತಾದಾಗ ತಿರುಮಲ ಏನು ಮಾಡಿದ ಅಂತ ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ: ಆನೆಗಳ ಕಣ್ಣು ಕೀಳಿಸಿದ, ಕುದುರೆಗಳ ಬಾಲ ಕತ್ತರಿಸಿದ, ರತ್ನಗಳನ್ನು ಬೀಸುಕಲ್ಲಿಗೆ ಹಾಕಿ ಪುಡಿ ಮಾಡಿಸಿದ, ಆಮೇಲೆ ಕತ್ತಿಗೆ ಎದೆ ಕೊಟ್ಟು ಸತ್ತ. ಆ ಬೀಸುಕಲ್ಲಿನಂಥ ಒಂದು ವಿವರ ಸಾಕು, ಓದುಗ ಪುಸ್ತಕ ಕೆಳಗಿಡಲ್ಲ.

ಗೆದ್ದ ಮೇಲೆ ಸದಾಶಿವ ಹೆಸರಿಗಷ್ಟೇ ರಾಜ. ಆಳಿದ್ದು ರಾಮರಾಯ, 1565ರ ತಾಳಿಕೋಟೆ ಯುದ್ಧದಲ್ಲಿ ತಲೆ ಹೋಗುವವರೆಗೆ. ನಿಮ್ಮ ಕಥೆ ಪಟ್ಟಾಭಿಷೇಕಕ್ಕೇ ಮುಗಿಯುತ್ತೆ, ಅದು ನನಗೆ ಹಿಡಿಸಲಿಲ್ಲ. ಅದರ ಮಾರನೇ ದಿನ ಜಾಸ್ತಿ ಮಜಾ ಇದೆ.

ಕುದುರೆ ಹಾರಲಿ, ಬೇಡ ಅನ್ನಲ್ಲ. ಆದರೆ ಅವಕ್ಕೆ ಹುರುಳಿ ಎಲ್ಲಿಂದ ಬರುತ್ತೆ, ಯಾವ ಊರಿನವರು ಕೊಡಲ್ಲ ಅಂದರು, ಒಂದು ಪುಟ ಬರೆಯಿರಿ. ಹಾಗೇ ಚಿಕ್ಕ ರಾಣಿಗೆ ಒಬ್ಬ ಅಣ್ಣನನ್ನು ಕೊಡಿ. ಈಗಿರುವ ಕರಡಿನಲ್ಲಿ ಆಕೆಗೆ ತವರುಮನೆಯೇ ಇಲ್ಲ.