ಹಳೆ ಆಟಗಳ ಪ್ರದರ್ಶನಕ್ಕೆ ಮೊದಲು ಬೇಕಾದದ್ದು ಆಡಿಸುವವರು

ಊರಿನ ಗ್ರಂಥಾಲಯದಲ್ಲಿ ಒಂದು ಕೋಣೆ ಸಿಕ್ಕಿದೆ, ಅಳಗುಳಿಮಣೆ, ಚೌಕಾಬಾರ, ಆಡು-ಹುಲಿ ಇಂಥ ಆಟಗಳು ಮರೆತುಹೋಗದ ಹಾಗೆ ಅಲ್ಲಿ ಪ್ರದರ್ಶನ ಮಾಡಬೇಕು, ಗಾಜಿನ ಪೆಟ್ಟಿಗೆ ಮತ್ತು ಫಲಕಗಳನ್ನು ಹೇಗೆ ಜೋಡಿಸಲಿ ಅಂತ ಕೇಳಿದ್ದೀರಿ. ಇಂಥ ಪ್ರದರ್ಶನಗಳಲ್ಲಿ ಬಂದವರನ್ನು ಕೂರಿಸಿಕೊಂಡು ಆಡಿಸುವ ಕೆಲಸ ನಾನು ಮಾಡಿದ್ದೇನೆ. ಅದರಿಂದ ಹೇಳುತ್ತೇನೆ: ಪೆಟ್ಟಿಗೆಯ ಲೆಕ್ಕ ಆಮೇಲೆ ಹಾಕಿ. ಆಡಿಸುವವರು ಯಾರು ಅನ್ನೋದನ್ನು ಮೊದಲು ಗೊತ್ತು ಮಾಡಿಕೊಳ್ಳಿ.

ಮಣೆ ಉಳಿದ ಮಾತ್ರಕ್ಕೆ ಆಟ ಉಳಿಯುವುದಿಲ್ಲ. ಈಜಿಪ್ಟಿನ ಹಳೆಯ ರಾಜ ಟುಟಾಂಖಾಮನ್ ಸಮಾಧಿಯಲ್ಲಿ ಸೆನೆಟ್ ಅನ್ನುವ ಆಟದ ಮಣೆಗಳು ಸಿಕ್ಕಿವೆ. ಆದರೆ ಅದನ್ನು ಆಡುವುದು ಹೇಗೆ ಅಂತ ಬರೆದಿಟ್ಟದ್ದು ಸಿಕ್ಕಿಲ್ಲ. ಈಗ ಆಡುವ ನಿಯಮಗಳೆಲ್ಲ ವಿದ್ವಾಂಸರು ಊಹಿಸಿದ್ದು. ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕಿನ, ಉರ್ ನಗರದಲ್ಲಿ ಸಿಕ್ಕ ಮಣೆ ಕ್ರಿ.ಪೂ. 2600ರ ಸುಮಾರಿನದು. ಅದರ ಪುಣ್ಯ, ಕ್ರಿ.ಪೂ. 177ರಲ್ಲಿ ಯಾರೋ ಜೇಡಿಮಣ್ಣಿನ ಹಲಗೆಯ ಮೇಲೆ ಅಂಥದೇ ಆಟದ ನಿಯಮ ಬರೆದಿದ್ದರು. ಬ್ರಿಟಿಷ್ ಮ್ಯೂಸಿಯಂನ ಇರ್ವಿಂಗ್ ಫಿಂಕೆಲ್ ಅದನ್ನು ಓದಿ ಬಿಡಿಸಿದ್ದರಿಂದ ಇವತ್ತು ಜನ ಆ ಆಟ ಆಡುತ್ತಿದ್ದಾರೆ. ನಮ್ಮ ಹಂಪಿಯಲ್ಲೂ ನೆಲಗಲ್ಲುಗಳ ಮೇಲೆ ಆಟದ ಮನೆಗಳನ್ನು ಕೊರೆದದ್ದು ಕಾಣುತ್ತದೆ. ಅಲ್ಲಿ ಕೂತು ಆಡಿದವರಿಗೆ ನಿಯಮ ಬಾಯಲ್ಲೇ ಇತ್ತು.

ಅಳಗುಳಿಮಣೆಯನ್ನೇ ತಗೊಳ್ಳಿ. ಎರಡು ಸಾಲು, ಸಾಲಿಗೆ ಏಳು ಗುಳಿ. ಗಾಜಿನೊಳಗೆ ಇಟ್ಟರೆ ಅದೊಂದು ಮರದ ಹಲಗೆ ಅಷ್ಟೇ. ಕೈಗೆ ಕೊಟ್ಟು ನೋಡಿ. ಒಂದು ಗುಳಿಯ ಕಾಳನ್ನೆಲ್ಲ ಬಾಚಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತಾ ಹೋಗಬೇಕು. ಕೈ ಬರಿದಾದಾಗ ಅದರ ಮುಂದಿನ ಗುಳಿಯದನ್ನು ಎತ್ತಿಕೊಂಡು ಮತ್ತೆ ಹೊರಡಬೇಕು. ಆ ಮುಂದಿನ ಗುಳಿ ಖಾಲಿ ಇದ್ದರೆ ಅದನ್ನು ಬೆರಳಿನಿಂದ ಸವರಿ, ಅದರಾಚೆ ಇರುವ ಕಾಳನ್ನು ಗೆದ್ದುಕೊಳ್ಳಬೇಕು. ಬೆರಳು ಸವರುವಾಗ ಎದುರು ಕೂತವರ ಮುಖ ನೋಡಬೇಕು ನೀವು! ಆಡಿ ಪಳಗಿದ ಅಜ್ಜಿಯರು ಗುಳಿಯಲ್ಲಿ ಎಷ್ಟಿದೆ ಅಂತ ಎಣಿಸುವುದೇ ಇಲ್ಲ, ಕಣ್ಣು ಹಾಯಿಸಿದರೆ ಸಾಕು. ಇದನ್ನು ಯಾವ ಫಲಕದಲ್ಲಿ ಬರೆಯೋಕಾಗುತ್ತೆ ಹೇಳಿ?

ಹಾಗಾಗಿ ಊರಲ್ಲೇ ಆಟ ಬಲ್ಲ ಹಿರಿಯರನ್ನು ಹುಡುಕಿ. ಸಂಜೆ ಹೊತ್ತು ಕೋಣೆಗೆ ಬರಲಿ. ಪುಕ್ಕಟೆ ಸೇವೆ ಅಂತ ಸುಮ್ನೆ ಕರೆಯಬೇಡಿ, ಅವರ ಹೊತ್ತಿಗೆ ಗೌರವಧನ ಕೊಡಿ. ದೊಡ್ಡ ಫ್ಲೆಕ್ಸಿಗೆ ಇಟ್ಟ ಹಣವನ್ನು ಇಲ್ಲಿಗೆ ತಿರುಗಿಸಿದರೂ ಒಳ್ಳೆಯದೇ. ಅವರಿಂದ ಕಲಿತ ಮಗುವಿಗೆ, ಆಮೇಲೆ ಬಂದವರಿಗೆ ನೀನೇ ಹೇಳಿಕೊಡು ಅನ್ನಿ. ಹೇಳಿಕೊಟ್ಟ ಮಗು ಆ ಆಟವನ್ನು ಮರೆಯುವುದಿಲ್ಲ.

ಚೌಕಾಬಾರ ಅಂದರೆ ಕವಡೆ ಹಾಕಿ ಕಾಯಿ ನಡೆಸುವ ಆಟ. ಅದನ್ನು ನಾಲ್ಕು ಜನ ಕೂತು ಪೂರ್ತಿ ಆಡಿದರೆ ಬಹಳ ಹೊತ್ತು ಹಿಡಿಯುತ್ತದೆ, ಬಂದವರು ಅರ್ಧಕ್ಕೇ ಎದ್ದು ಹೋಗುತ್ತಾರೆ. ಅಲ್ಲಿಗೆ ಮಾತ್ರ ತಲಾ ಎರಡೇ ಕಾಯಿ ಕೊಟ್ಟು ಆಡಿಸಿ. ಒಂದು ಕಾಯಿ ನಡುಮನೆ ಸೇರಿ ಹಣ್ಣಾಗುವ ತನಕ ಕೂತವರು ಮನೆಗೆ ಹೋಗಿಯೂ ಆಡುತ್ತಾರೆ.

ಇನ್ನು ನಿಯಮದ ವಿಷಯ. ಇದರಲ್ಲಿ ನನಗೆ ಬಲವಾದ ಅಭಿಪ್ರಾಯ ಇದೆ. 'ಸರಿಯಾದ ನಿಯಮ' ಅಂತ ಒಂದನ್ನೇ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಬೇಡಿ. ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಇದರಲ್ಲಿ ತಕರಾರು ಕಡಿಮೆ. ಆದರೆ ಒಳಮನೆಗೆ ಹೋಗಬೇಕಾದರೆ ಎದುರಾಳಿಯ ಒಂದು ಕಾಯಿ ಹೊಡೆದಿರಲೇಬೇಕಾ? ಕೆಲವರ ಮನೆಯಲ್ಲಿ ಹೌದು, ಕೆಲವರ ಮನೆಯಲ್ಲಿ ಬೇಕಿಲ್ಲ. ಅಳಗುಳಿಮಣೆಗೆ ಗುಳಿಗೆ ಐದು ಕಾಳು ಹಾಕುವವರಿದ್ದಾರೆ. ತುಳುನಾಡಿನ ಚೆನ್ನೆಮಣೆಯಲ್ಲಿ ನಾಲ್ಕು ಹಾಕುತ್ತಾರೆ. ಬಂದ ಹಿರಿಯರು ಇದರ ಮೇಲೆ ಜಗಳಕ್ಕೇ ಬೀಳುತ್ತಾರೆ. ಬೀಳಲಿ ಬಿಡಿ! ಆ ಜಗಳವೇ ನಿಮಗೆ ಸಿಗುವ ಬಂಗಾರ. ಬಾಗಿಲ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇಡಿ. 'ನಿಮ್ಮ ಮನೆಯಲ್ಲಿ ಹೇಗೆ ಆಡ್ತಿದ್ರಿ?' ಅಂತ ಕೇಳಿ, ಊರು, ತಾಲ್ಲೂಕು, ಕಲಿಸಿದ್ದು ಯಾರು, ಎಲ್ಲ ಬರೆಸಿಕೊಳ್ಳಿ. ಬರೆಯೋಕೆ ಬಾರದವರದ್ದನ್ನು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಪ್ರದರ್ಶನ ಮುಗಿದ ಮೇಲೆ ಗ್ರಂಥಾಲಯದಲ್ಲಿ ಉಳಿಯಬೇಕಾದ ಮುಖ್ಯ ವಸ್ತು ಅದೇ.

ಸಣ್ಣಪುಟ್ಟ ವಿಷಯಗಳು: ಚೌಕಾಬಾರದ ಮನೆಯನ್ನು ನೆಲದ ಮೇಲೂ ಬರೆಸಿ, ಒಂದು ಮೇಜಿನ ಮೇಲೂ ಬರೆಸಿ. ಮಂಡಿನೋವಿನವರು, ಗಾಲಿಕುರ್ಚಿಯಲ್ಲಿ ಬರುವವರು ಮೇಜಿನಲ್ಲಿ ಆಡಬಹುದು. ಅಂದಕ್ಕೆ ಅಂತ ಗುಲಗಂಜಿ ಇಡಬೇಡಿ, ಅಗಿದು ನುಂಗಿದರೆ ಅದು ವಿಷ. ಹುಣಸೆಬೀಜ ಸಾಕು. ಆದರೂ ತೀರಾ ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳದ ಹಾಗೆ ಒಬ್ಬರು ಕಣ್ಣಿಟ್ಟಿರಬೇಕು. ಕಾಳು ಕಳೆಯುವುದು ಗ್ಯಾರಂಟಿ, ಡಬ್ಬದ ತುಂಬ ಇಟ್ಟುಕೊಂಡಿರಿ. ಗಾಜಿನ ಪೆಟ್ಟಿಗೆ ಒಂದು ಸಾಕು, ಯಾರ ಮನೆಯದ್ದಾದರೂ ತುಂಬ ಹಳೆಯ ಮಣೆ ಸಿಕ್ಕರೆ ಅದಕ್ಕೆ. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಅನ್ನುವ ಹೆಸರಿನಲ್ಲಿ ಇಂಥ ಆಟಗಳ ಪ್ರದರ್ಶನ ನಡೆಸಿದ್ದಾರೆ. ಸಾಧ್ಯವಾದರೆ ಅವರೊಡನೆ ಒಮ್ಮೆ ಮಾತಾಡಿ.

ಕೊನೆಗೆ, ಹೊರಡುವವರ ಕೈಗೆ ಒಂದು ಹಾಳೆ ಕೊಡಿ. ಒಂದು ಬದಿಯಲ್ಲಿ ಚೌಕಾಬಾರದ ಇಪ್ಪತ್ತೈದು ಮನೆ, ಇನ್ನೊಂದು ಬದಿಯಲ್ಲಿ ನಿಮ್ಮ ಊರಿನವರು ಹೇಳಿದ ನಿಯಮ. ಕವಡೆ ಇಲ್ಲದಿದ್ದರೂ ನಡೆಯುತ್ತದೆ, ನಾಲ್ಕು ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಬದಿ ಬಿಳಿ ಮಾಡಿಕೊಂಡರೆ ಸಾಕು ಅಂತಲೂ ಅದರಲ್ಲಿ ಬರೆಸಿ.